ಮಾಲ್ಟನ್ನಿನ ಒಂಬತ್ತು ವರ್ಷದ ರಾಜ

ನನ್ನ ಮಗಳು ಇಂಗ್ಲೆಂಡಿನ ರಾಜನಾದದ್ದು ಚೀಟಿ ಎತ್ತಿ. ನಾಲ್ಕನೆಯ ತರಗತಿಯ ಮಕ್ಕಳೆಲ್ಲ ಟೀಚರಮ್ಮನ ಉಣ್ಣೆಯ ಟೋಪಿಯೊಳಗೆ ಕೈಹಾಕಿ ಒಂದೊಂದು ಚೀಟಿ ತೆಗೆದಿದ್ದರು. ಒಬ್ಬನಿಗೆ ಬಿಷಪ್, ಒಬ್ಬನಿಗೆ ಫ್ರೆಂಚ್ ರಾಜಕುಮಾರ, ಒಬ್ಬಳಿಗೆ ಮುದಿ ವೀರ, ಉಳಿದವರಿಗೆಲ್ಲ ಸರದಾರರ ಪಾತ್ರ. ಇವಳಿಗೆ ರಾಜ. ಮನೆಗೆ ಬಂದವಳು ಬೂಟು ಬಿಚ್ಚದೆ ಬೇಸ್‌ಮೆಂಟಿನ ಕೊನೆಯ ಮೆಟ್ಟಿಲ ಮೇಲೆ ಕೂತು, ಜಾಕೆಟ್ಟಿನ ಜೇಬಿನಿಂದ ಮುದ್ದೆಯಾದ ಚೀಟಿಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

"ಅವ್ವಾ, ನನಗ ಕಿಂಗ್ ಬಂದೈತಿ," ಅಂದಳು. ಜ್ವರ ಬಂದೈತಿ ಅನ್ನುವಾಗಿನ ಮುಖ ಇತ್ತು ಅವಳದು.

"ಚಲೋ ಆತಲ್ಲ."

"ಏನ್ ಚಲೋ? ಕಿಂಗ್ ಆದ್ರ ಮಾತಾಡ್ಬೇಕು."

ನಾವು ಹುಬ್ಬಳ್ಳಿಯಿಂದ ಬಂದು ಆಗ ಒಂದು ವರ್ಷವಾಗಿತ್ತು. ಹೊಸ ಶತಮಾನ ಇನ್ನೂ ಹೊಸದಾಗಿದ್ದ ಕಾಲ. ಕೆನಡಾದ ಮಾಲ್ಟನ್ನಿನಲ್ಲಿ ಒಬ್ಬ ಪಂಜಾಬಿ ಅಜ್ಜಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಅವರನ್ನು ಎಲ್ಲರೂ ಬೀಬೀಜಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು. ವಿಮಾನಗಳು ಇಳಿಯುವ ದಾರಿ ನೆಟ್ಟಗೆ ನಮ್ಮ ಮಾಡಿನ ಮೇಲೆಯೇ ಇತ್ತು. ಮಾತಿನ ನಡುವೆ ವಿಮಾನ ಬಂದರೆ ಸುಮ್ಮನೆ ನಿಂತು, ಅದು ಹೋದ ಮೇಲೆ ಉಳಿದ ಅರ್ಧ ಮಾತು ಮುಗಿಸುವುದು ಆ ಬೀದಿಯವರಿಗೆಲ್ಲ ರೂಢಿ. ನಾನು ವಿಮಾನದವರಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಬೆಳಗಿನ ಶಿಫ್ಟಿಗೆ ಹೋಗುತ್ತಿದ್ದೆ. ಟ್ರೇಯಲ್ಲಿ ಬನ್ನು, ಬೆಣ್ಣೆ, ಸಲಾಡು ಜೋಡಿಸುವ ಕೆಲಸ. ಯಜಮಾನರದು ಓಕ್‌ವಿಲ್ಲಿನ ಒಂದು ಗೋದಾಮಿನ ಕೆಲಸ. ಆ ಕಡೆ ಕೆಲಸವಿದ್ದ ನಾಲ್ಕು ಜನ ಸೇರಿ ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದರು.

ಮಗಳು ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಮಾತ್ರ ಕಲ್ಲಿನ ಗೊಂಬೆ. ಸೆಪ್ಟೆಂಬರಿನಲ್ಲಿ ಟೀಚರಮ್ಮ ನನ್ನನ್ನು ಕರೆಸಿ ಮಾತಾಡಿದ್ದರು. ಕನ್ನಡಕಕ್ಕೆ ಸರಪಳಿ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ ಹಿರಿಯ ಹೆಂಗಸು, ನಿಧಾನವಾಗಿ, ನನಗೆ ಅರ್ಥವಾಗುವಂತೆ ಮಾತಾಡುತ್ತಿದ್ದರು. ಇಂಗ್ಲಿಷ್ ಬರುವುದಿಲ್ಲವೆಂದಲ್ಲ, ಬರೆದದ್ದೆಲ್ಲ ಸರಿಯಾಗಿಯೇ ಇರುತ್ತದೆ, ಆದರೆ ಯಾರೊಂದಿಗೂ ಮಾತಿಲ್ಲ, ರಿಸೆಸ್ಸಿನ ಆಟದ ಬಿಡುವಿನಲ್ಲಿ ತಂತಿಬೇಲಿ ಹಿಡಿದುಕೊಂಡು ಒಬ್ಬಳೇ ನಿಂತಿರುತ್ತಾಳೆ ಎಂದರು. ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಟ್ರೇಯಲ್ಲಿ ಬನ್ನು ಇಡುವಾಗಲೂ ಆ ಬೇಲಿಯೇ ಕಣ್ಣಿಗೆ ಕಟ್ಟುತ್ತಿತ್ತು. ನನಗೆ ಅವಳು ಮೊದಲ ಸ್ಥಾನ ಪಡೆಯುವುದು ಬೇಕಿರಲಿಲ್ಲ. ಅವಳ ಪಕ್ಕದಲ್ಲಿ ಒಂದು ಮಗು ನಿಂತರೆ ಸಾಕಿತ್ತು.

ಆ ವರ್ಷ ಮಕ್ಕಳಿಗೆ ನಡುಗಾಲದ ಯೂರೋಪಿನ ಪಾಠ. ಕೋಟೆ, ಕತ್ತಿ, ಕುದುರೆ, ರೈತ, ರಾಜ. ಟೀಚರಮ್ಮ ಹಂಚಿದ ಪುಟಗಳನ್ನು ನಾವು ಮೂವರೂ ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆವು. ನಮ್ಮನೆಯವರಿಗೆ ಕತೆಯೆಂದರೆ ಬಹಳ ಪ್ರೀತಿ, ಒಂದೊಂದು ಸಾಲಿಗೂ ನಿಂತು ಚರ್ಚೆ ಮಾಡುವವರು.

ಕತೆ ಹೀಗಿತ್ತು. ಎಂಟುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಕೆಟ್ಟ ರಾಜ. ಕೊಟ್ಟ ಮಾತಿಗೆ ತಪ್ಪಿ, ಸರದಾರರನ್ನೆಲ್ಲ ಎದುರು ಹಾಕಿಕೊಂಡ. ಅವರು ಸಿಟ್ಟಿಗೆದ್ದು ಫ್ರಾನ್ಸಿನ ರಾಜಕುಮಾರನನ್ನು ಕರೆಸಿ, ನೀನೇ ನಮ್ಮ ರಾಜನಾಗು ಎಂದರು. ಅವನು ಸೈನ್ಯ ತಂದು ಲಂಡನ್ನಿನಲ್ಲೇ ಕೂತ. ಯುದ್ಧ ನಡೆದಿರುವಾಗಲೇ ಹಳೆಯ ರಾಜ ಹೊಟ್ಟೆಯ ಬೇನೆಯಿಂದ ಸತ್ತ. ಅದಕ್ಕೆ ಸ್ವಲ್ಪ ಮೊದಲು ಅವನ ಸಾಮಾನಿನ ಗಾಡಿಗಳು ಕಡಲ ಉಬ್ಬರಕ್ಕೆ ಸಿಕ್ಕು ಮುಳುಗಿದ್ದವು. ಒಡವೆಯೂ ಹೋಯಿತು ಎನ್ನುತ್ತಾರೆ. ಉಳಿದವನು ಅವನ ಮಗ, ಒಂಬತ್ತು ವರ್ಷದ ಹುಡುಗ. ರಾಜಧಾನಿ ಇಲ್ಲ, ಬೊಕ್ಕಸ ಇಲ್ಲ, ತಲೆಗಿಡಲು ಕಿರೀಟವೂ ಇಲ್ಲ. ಎಪ್ಪತ್ತರ ಆಸುಪಾಸಿನ ಒಬ್ಬ ಮುದಿ ವೀರ ಮುಂದೆ ಬಂದು, ಈ ಕೂಸಿನ ಹೊಣೆ ನನ್ನದು ಎಂದ. ದೂರದ ಒಂದು ಊರಿನಲ್ಲಿ ಅವಸರದಿಂದ ಪಟ್ಟ ಕಟ್ಟಿದರು. ತಾಯಿಯ ಒಡವೆಯ ಒಂದು ಬಳೆಯಂಥದ್ದೇ ಕಿರೀಟವಾಯಿತು.

"ಅಪ್ಪ ಮಾಡಿದ್ದಕ್ಕ ಮಗನ್ನ ಯಾಕ ಹಿಡೀಬೇಕು?" ಎಂದರು ಯಜಮಾನರು, ಆ ಸರದಾರರು ನಮ್ಮ ಓಣಿಯಲ್ಲೇ ಇದ್ದಾರೆ ಎನ್ನುವಂತೆ. "ಕೂಸು ಏನ್ ಮಾಡೇತಿ ಅವರಿಗೆ?"

"ಅದ ನನ್ನ ಡೈಲಾಗ್ ಅಪ್ಪಾ," ಅಂದಳು ಮಗಳು.

ನಾಟಕದ ಕೊನೆಯನ್ನು ಟೀಚರಮ್ಮ ಬರೆದಿರಲಿಲ್ಲ, ಅದೇ ಅದರ ವಿಶೇಷ. ಮೊದಲು ಪಟ್ಟಾಭಿಷೇಕ. ಆಮೇಲೆ ರಾಜಕುಮಾರನದೊಂದು ಭಾಷಣ, ರಾಜನದೊಂದು ಭಾಷಣ. ನಂತರ ಸರದಾರರು ಸ್ವಲ್ಪ ಹೊತ್ತು ಇಬ್ಬರ ಜೊತೆಗೂ ಮಾತಾಡಿ, ಗಂಟೆ ಬಾರಿಸಿದಾಗ ಯಾರು ಬೇಕೋ ಅವರ ಬಳಿ ಹೋಗಿ ನಿಲ್ಲಬೇಕು. ಯಾರ ಕಡೆ ಹೆಚ್ಚು ಜನವೋ ಸಿಂಹಾಸನ ಅವರಿಗೆ. ನಿಜವಾಗಿ ಏನಾಯಿತೆಂದು ಆಮೇಲೆ ಓದುವುದು. ಎಲ್ಲ ತಂದೆತಾಯಂದಿರೂ ನೋಡಲು ಬರಬಹುದು.

ಹುಡುಗಿ ರಾಜ ಆಗುವುದು ಹೇಗೆ ಎಂದು ತರಗತಿಯಲ್ಲಿ ಯಾರೋ ತಕರಾರು ಎತ್ತಿದ್ದರಂತೆ. ಯಜಮಾನರು ನಕ್ಕುಬಿಟ್ಟರು. "ನಮ್ಮ ಕಡೆ ದೊಡ್ಡಾಟದಾಗ ಮೀಸಿ ಬೋಳಿಸಿಕೊಂಡ ಗಂಡಸರು ರಾಣಿ ಆಗಿ ಅಳತಿದ್ರು, ಇಡೀ ಊರ ಅಳತಿತ್ತು. ಹೇಳ ಅವರಿಗೆ."

"ನೀವು ಏನ್ ಆಗಿದ್ರಿ ಅಪ್ಪಾ?"

"ನಾನಾ? ನಾನು ಈಟಿ ಹಿಡಕೊಂಡು ನಿಂತಿದ್ದೆ."

"ಮಾತು ಇರಲಿಲ್ಲನು?"

"ಒಂದ ಇತ್ತು. ಅದನ್ನೂ ಮರತ್ರು," ಎಂದು ನಾನು ನಡುವೆ ಹೇಳಿದೆ. ಮದುವೆಯಾದ ಹೊಸದರಲ್ಲಿ ಅವರ ತಮ್ಮ ನನಗೆ ಹೇಳಿದ್ದ ಸುದ್ದಿ ಅದು. ಯಜಮಾನರು ಅದನ್ನು ಅಲ್ಲಗಳೆಯಲಿಲ್ಲ.

ಹಾಗೆ ಮಾತು ಮರೆತವರೇ ಮಗಳಿಗೆ ಗುರುವಾದರು. ಸಂಜೆ ಊಟಕ್ಕೆ ಮುಂಚೆ ಬಟ್ಟೆ ಒಗೆಯುವ ಮಷಿನ್ನಿನ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ, ಹೊಟ್ಟೆಯಿಂದ ದನಿ ತೆಗಿ, ಗಂಟಲಿನಿಂದ ಬೇಡ ಎನ್ನುವರು. ಅವಳು ಹೇಳಬೇಕಾದ ಇಂಗ್ಲಿಷ್ ಮಾತಿನ ಅರ್ಥ ಇಷ್ಟೇ: ನನ್ನ ತಂದೆ ನಿಮಗೆ ಅನ್ಯಾಯ ಮಾಡಿದರು, ನಾನು ಮಾಡಿಲ್ಲ, ನನಗೆ ಒಂಬತ್ತು ವರ್ಷ. ಮನೆಯಲ್ಲಿ ಅದನ್ನು ಎಷ್ಟು ಜೋರಾಗಿ ಹೇಳುತ್ತಿದ್ದಳೆಂದರೆ ಬೀಬೀಜಿ ಮೇಲಿನಿಂದ ಕೋಲಿನಲ್ಲಿ ನೆಲ ಕುಟ್ಟಿ, "ಕ್ಯಾ ಹುವಾ ಬೇಟಾ?" ಎಂದು ಕೇಳಿದ್ದರು.

ಕಿರೀಟದ ಭಾರ ನನ್ನ ಮೇಲೆ ಬಂತು. ಅವರವರ ವೇಷ ಅವರವರ ಮನೆಯಿಂದಲೇ ಬರಬೇಕಿತ್ತು. ಉಳಿದ ಮಕ್ಕಳು ರಟ್ಟು ಕತ್ತರಿಸಿ ಚಿನ್ನದ ಕಾಗದ ಅಂಟಿಸಿದರು. ನನ್ನ ಮಗಳು ಮಾತ್ರ ಪುಸ್ತಕದಲ್ಲಿದ್ದ ಹಾಗೆಯೇ ಆಗಬೇಕೆಂದು ಹಟ ಹಿಡಿದಳು. "ತಾಯಿದು ಇರಬೇಕು ಅವ್ವಾ. ಮಾಡಿದ್ದು ನಡಿಯಂಗಿಲ್ಲ."

ಪೆಟ್ಟಿಗೆ ತೆಗೆದು ನನ್ನ ಮದುವೆಯ ಬೆಳ್ಳಿಯ ಡಾಬು ಹುಡುಕಿದೆ. ಸೀರೆಯ ಮೇಲೆ ನಡುವಿಗೆ ಕಟ್ಟಿಕೊಳ್ಳುವ ಪಟ್ಟಿ, ನಡುವೆ ನವಿಲಿನ ಬಿಲ್ಲೆ. ಅದು ಈಗ ನನ್ನ ನಡುವಿಗೆ ಬರುವ ಮಾತಿಲ್ಲ. ಅವಳ ತಲೆಗಾದರೋ ದೊಡ್ಡದು. ಎರಡೂ ತುದಿಗಳನ್ನು ಒಂದರ ಮೇಲೊಂದು ತಂದು, ಜಡೆಯ ರಿಬ್ಬನ್ನಿನಿಂದ ಬಿಗಿದು ಕಟ್ಟಿದೆ. ನವಿಲು ಹಣೆಯ ಮೇಲೆ ಬಂದು ಕೂತಿತು. ಕನ್ನಡಿಯಲ್ಲಿ ನೋಡಿಕೊಂಡಳು, ಒಮ್ಮೆ ತಲೆ ಅಲ್ಲಾಡಿಸಿ ನೋಡಿದಳು, ಬೀಳಲಿಲ್ಲ.

"ಹೆಂಗೈತಿ?" ಅಂದೆ.

"ಒಜ್ಜಿ ಐತಿ, ತಲಿ ಭಾರ ಆಗೈತಿ. ಕಿಂಗ್‌ಗೂ ಹಿಂಗ ಆಗಿರಬೇಕು."

ನಾಟಕಕ್ಕೆ ಎರಡು ದಿನ ಮೊದಲು ಒಂದು ತಾಲೀಮು ನಡೆಯಿತು. ಅಂದು ಸಂಜೆ ಅವಳು ಚಪಾತಿ ಮುರಿದು ಸುಮ್ಮನೆ ಪಲ್ಯದಲ್ಲಿ ಅದ್ದುತ್ತಿದ್ದಳು, ತಿನ್ನಲಿಲ್ಲ.

"ಏನಾತು?" ಎಂದು ಯಜಮಾನರು ಕೇಳಿದರು.

"ಎಲ್ಲಾರೂ ಆ ಕಡೆ ಹೋದ್ರು. ನನ್ನ ಕಡೆ ಮುದುಕ ಒಬ್ಬನ."

ಮುದುಕ ಎಂದರೆ ಜಮೈಕಾದ ಮನೆತನದ ಒಬ್ಬ ಎತ್ತರದ ಹುಡುಗಿ, ಹತ್ತಿಯ ಗಡ್ಡ ಅಂಟಿಸಿಕೊಂಡವಳು. ಅವಳಾದರೂ ರಾಜನ ಪಕ್ಕದಲ್ಲಿ ನಿಂತದ್ದು ಪಾತ್ರ ಹಾಗಿತ್ತೆಂಬ ಕಾರಣಕ್ಕೆ. ರಾಜಕುಮಾರನಾದ ಹುಡುಗ ಮುಖದ ತುಂಬ ಕಂದು ಚುಕ್ಕೆಯಿದ್ದ ಚುರುಕಿನವನು, ತರಗತಿಯವರಲ್ಲೆಲ್ಲ ಜೋರಾಗಿ ಓಡುವವನು. ನನ್ನ ಕಡೆ ಬಂದವರನ್ನು ರಿಸೆಸ್ಸಿನಲ್ಲಿ ನನ್ನ ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದು ಅವನು ಸರದಾರರಿಗೆಲ್ಲ ಮಾತು ಕೊಟ್ಟಿದ್ದ.

"ನೀನು ಏನ್ ಕೊಡ್ತೀ ಅಂದಿ?"

"ನಾನು ಏನ್ ಕೊಡಲಿ ಅಪ್ಪಾ? ನನ್ನ ಕಡೆ ಟೀಮ್ ಎಲ್ಲೈತಿ?"

ನಾನು ರವೆ ಉಂಡಿ ಕಟ್ಟಿಕೊಡುತ್ತೇನೆ, ಎಲ್ಲರಿಗೂ ಒಂದೊಂದು ಕೊಡು ಎಂದೆ. ತಿನ್ನುವುದೇನನ್ನೂ ಶಾಲೆಗೆ ತರಬಾರದು, ಯಾರಿಗೋ ಗೋಡಂಬಿ ಆಗುವುದಿಲ್ಲ ಎಂದಳು. ಗೋಡಂಬಿ ಹಾಕುವುದಿಲ್ಲ ಎಂದೆ. "ಬ್ಯಾಡ ಅವ್ವಾ. ಅದು ಲಂಚ ಆಗ್ತೈತಿ," ಎಂದು ಮುಖ ತಿರುಗಿಸಿದಳು. ನಾನು ಪಾತ್ರೆ ತೊಳೆಯಲು ಎದ್ದೆ. ಗಂಟೆ ಬಾರಿಸಿದಾಗ ಎಲ್ಲ ಮಕ್ಕಳೂ ಆ ಕಡೆ, ಇವಳೊಬ್ಬಳು ಈ ಕಡೆ, ಎದುರಿಗೆ ಊರಿನ ತಂದೆತಾಯಂದಿರೆಲ್ಲ. ಬೇಲಿಯ ಪಕ್ಕ ನಿಂತದ್ದನ್ನು ಟೀಚರಮ್ಮ ಒಬ್ಬರೇ ನೋಡಿದ್ದರು, ಇನ್ನು ಇದನ್ನು ಎಲ್ಲರೂ ನೋಡುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ನಾಟಕದ ಹಿಂದಿನ ದಿನ ದಸರೆಯ ಬನ್ನಿ. ನಮ್ಮ ಕಡೆ ಆ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಎಲೆ ಕೊಟ್ಟು ಮಾತಾಡಬೇಕು. ಕೆನಡಾದಲ್ಲಿ ಬನ್ನಿಯ ಗಿಡ ಎಲ್ಲಿಂದ ಬರಬೇಕು? ಆದರೆ ಕಿರಾಣಿ ಅಂಗಡಿಯ ಪ್ಲಾಜಾದ ಪಾರ್ಕಿಂಗ್ ಲಾಟಿನ ಅಂಚಿಗೆ ಸಾಲಾಗಿ ಕೆಲವು ಮರಗಳಿದ್ದವು. ಕಡ್ಡಿಯ ಎರಡೂ ಬದಿಗೆ ಸಣ್ಣ ಸಣ್ಣ ಎಲೆ, ನೋಡಿದರೆ ಬನ್ನಿಯ ದಾಯಾದಿಯಂತೆ. ಅಕ್ಟೋಬರಿನಲ್ಲಿ ಅವು ಹಳದಿಯಾಗಿ, ಹುಬ್ಬಳ್ಳಿಯ ಬನ್ನಿಗೂ ಬಾರದ ಬಂಗಾರದ ಬಣ್ಣಕ್ಕೆ ಬರುತ್ತಿದ್ದವು. ನಮ್ಮ ಜಿಲ್ಲೆಯ ಕಡೆಯ ಮೂರು ನಾಲ್ಕು ಮನೆಯವರು ಅದನ್ನೇ ಬನ್ನಿ ಎಂದು ಒಪ್ಪಿಕೊಂಡಿದ್ದೆವು. ಕಾರು ನಿಲ್ಲಿಸಿ, ಮರಕ್ಕೆ ಅರಿಷಿಣ ಕುಂಕುಮ ಹಚ್ಚಿ, ಯಾರಾದರೂ ಬಂದು ಕೇಳುವುದರೊಳಗೆ ಎಲೆ ಕಿತ್ತುಕೊಂಡು ಬರುತ್ತಿದ್ದೆವು. ಆ ಸಂಜೆಯೂ ಹೋದೆವು. ಮಗಳು ತನಗೆ ಬೇಕಾದ್ದಕ್ಕಿಂತ ಹೆಚ್ಚು ಕಿತ್ತಳು, ಎರಡೂ ಜೇಬು ತುಂಬಿದಳು. ಹಬ್ಬದ ಹುಮ್ಮಸ್ಸು ಎಂದುಕೊಂಡೆ.

ಮರುದಿನ ಜೊತೆಯವಳೊಬ್ಬಳ ಶಿಫ್ಟಿಗೆ ಅದಲುಬದಲು ಮಾಡಿಕೊಂಡು ಶಾಲೆಗೆ ಹೋದೆ. ಬೀಬೀಜಿ ತಾವೂ ಬರುತ್ತೇನೆಂದರು. ಕತೆಯನ್ನು ಅವರಿಗೆ ನನ್ನ ಹುಬ್ಬಳ್ಳಿಯ ಹಿಂದಿಯಲ್ಲಿ ದಾರಿಯುದ್ದಕ್ಕೂ ಹೇಳಿದ್ದೆ. ಫ್ರೆಂಚ್ ರಾಜಕುಮಾರನ ಮೇಲೆ ಅವರಿಗೆ ಆಗಲೇ ಸಿಟ್ಟು ಬಂದಿತ್ತು.

ಜಿಮ್ಮಿನಲ್ಲಿ ಬಾಸ್ಕೆಟ್‌ಬಾಲಿನ ಗೆರೆಗಳ ಮೇಲೆ ಪುಟ್ಟ ಕುರ್ಚಿ ಹಾಕಿದ್ದರು. ಸಿಂಹಾಸನವೆಂದರೆ ಟೀಚರಮ್ಮ ಕತೆ ಓದುವಾಗ ಕೂರುವ ತೂಗುಕುರ್ಚಿ. ಅದಕ್ಕೆ ಕೆಂಪು ಚಾದರ ಹೊದಿಸಿ ಮೂರು ಮೆಟ್ಟಿಲಿನ ಹಲಗೆಯ ಮೇಲೆ ಇಟ್ಟಿದ್ದರು. ಬಿಷಪ್ ವೇಷದ ಹುಡುಗ ಡಾಬನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮಗಳ ತಲೆಯ ಮೇಲಿಟ್ಟ. ರಿಬ್ಬನ್ನು ಬಿಗಿಯಲು ಬಾರದೆ ಸಡಿಲವಾಗಿಯೇ ಬಿಟ್ಟುಬಿಟ್ಟ. ನವಿಲು ಜಾರಿ ಹುಬ್ಬಿನ ಮೇಲೆ ಬಂತು. ಅವಳು ಒಂದು ಕೈಯಲ್ಲಿ ಕಿರೀಟ ಹಿಡಿದುಕೊಂಡು, ತೂಗುವ ಸಿಂಹಾಸನದ ಮೇಲೆ ತೂಗದಂತೆ ಕೂತಳು.

ರಾಜಕುಮಾರ ಒಳ್ಳೆಯ ಭಾಷಣ ಮಾಡಿದ. ಕೈ ಬೀಸಿದ, ಜನರನ್ನು ನಗಿಸಿದ. ಇವಳ ಸರದಿ ಬಂದಾಗ ತುಟಿ ಅಲ್ಲಾಡಿತು, ಅಷ್ಟೇ. ಮನೆಯಲ್ಲಿ ನೆಲ ಕುಟ್ಟಿಸಿಕೊಂಡ ದನಿ ಎಲ್ಲಿ ಹೋಯಿತೋ. ಎದುರಿನ ಸಾಲಿನಲ್ಲಿದ್ದ ನನಗೂ ಕೇಳಲಿಲ್ಲ. ಆಮೇಲೆ ಸರದಾರರಿಗೆ ಮಾತಾಡಲು ಸಮಯ ಕೊಟ್ಟರು. ಎಲ್ಲರೂ ಜಿಮ್ಮಿನ ಆ ಮೂಲೆಗೆ ಹೋಗಿ ಗುಂಪಾಗಿ ನಿಂತರು, ನಡುವೆ ರಾಜಕುಮಾರ. ರಾಜನ ಬಳಿಗೆ ಒಬ್ಬರೂ ಬರಲಿಲ್ಲ. ಮುದಿ ವೀರ ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದಳು.

ಆಗ ನನ್ನ ಮಗಳು ಎದ್ದು, ಮೆಟ್ಟಿಲು ಇಳಿದು, ಸಿಂಹಾಸನ ಬಿಟ್ಟು ನಡೆದುಬಿಟ್ಟಳು.

"ಅರೇ, ಕುರ್ಸೀ ಮತ್ ಛೋಡನಾ," ಎಂದು ಬೀಬೀಜಿ ಗಟ್ಟಿಯಾಗಿಯೇ ಅಂದರು. ಕುರ್ಚಿ ಬಿಡಬೇಡ ಎಂದು ಅವರು ಹೆದರಿದ್ದು ನಿಜವೇ ಆಯಿತು. ರಾಜಕುಮಾರ ಒಂದೇ ಓಟಕ್ಕೆ ಬಂದು ಮೆಟ್ಟಿಲು ಹಾರಿ ತೂಗುಕುರ್ಚಿಯಲ್ಲಿ ಕೂತು ಜೋರಾಗಿ ತೂಗಿಕೊಂಡ. ಜನರೆಲ್ಲ ನಕ್ಕರು. ರಾಜ ಎದ್ದು ಹೋದರೆ ಏನು ಎಂಬ ನಿಯಮವನ್ನೇ ಟೀಚರಮ್ಮ ಮಾಡಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ನೋಡುತ್ತ ನಿಂತರು.

ನನಗೆ ಮಾತ್ರ ಗೊತ್ತಾಯಿತು. ಅವಳ ಇನ್ನೊಂದು ಕೈ ಜೇಬಿನಲ್ಲಿತ್ತು. ಬನ್ನಿ ಕೊಡುವವರು ಕೂತಲ್ಲಿಗೆ ಕರೆಸಿ ಕೊಡುವುದಿಲ್ಲ. ಕಿರಿಯರು ಹಿರಿಯರಿದ್ದಲ್ಲಿಗೆ ಹೋಗಿ ಕೊಡಬೇಕು. ರಾಜನಾದರೂ ಅಷ್ಟೇ, ನಮ್ಮ ಮನೆಯ ಮಗಳಿಗೆ ಬೇರೆ ರೀತಿ ತಿಳಿದಿರಲಿಲ್ಲ. ದಸರೆಯ ದಿನ ಸಿಗದವರಿಗೆ ಮರುದಿನ ಕೊಟ್ಟರೂ ನಡೆಯುತ್ತದೆ.

ಅವಳು ಗುಂಪಿನ ಎದುರು ನಿಂತು ಕೇಳಿದ ಮೊದಲ ಮಾತು, "ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?" ಅವರ ಮಾತೆಲ್ಲ ಇಂಗ್ಲಿಷಿನಲ್ಲಿಯೇ ನಡೆಯಿತು, ನನ್ನ ನೆನಪಿನಲ್ಲಿ ಅದು ಕನ್ನಡದಲ್ಲಿ ಉಳಿದಿದೆ.

"ನಾನೇ ಉದ್ದ," ಎಂದ ಒಬ್ಬ.

"ಉದ್ದ ಅಲ್ಲ. ಹುಟ್ಟುಹಬ್ಬ ಯಾವಾಗ?"

"ಮಾರ್ಚ್."

"ಮಾರ್ಚಿಗಿಂತ ಮೊದಲು ಹುಟ್ಟಿದವರು ಇದ್ದೀರಾ?"

ಒಬ್ಬ ಹುಡುಗಿ ಜನವರಿ ಎಂದು ಕೈಯೆತ್ತಿದಳು. ಇನ್ನೊಬ್ಬ ತನ್ನದೂ ಜನವರಿಯೇ ಎಂದ. ತಾರೀಖು ಎಷ್ಟು ಎಂದು ಕೇಳಿದಳು. ಅವನದು ಮೊದಲು, ಅವನಿಗೆ ಮೊದಲು ಎಲೆ. ಅಂಗೈಗೆ ಒಂದಿಷ್ಟು ಹಾಕಿ, ಕನ್ನಡದಲ್ಲಿ, ಇಡೀ ಜಿಮ್ಮಿಗೆ ಕೇಳುವಂತೆ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದಳು.

"ಇದೇನು?"

"ಬಂಗಾರ."

"ಇದು ಎಲೆ."

"ಈ ವಾರ ಬಂಗಾರ," ಎಂದು ಮುಂದಿನವಳ ಕಡೆ ತಿರುಗಿದಳು.

ಅಷ್ಟು ಸಾಕಾಯಿತು. ಮಕ್ಕಳು ತಮ್ಮತಮ್ಮ ಹುಟ್ಟುಹಬ್ಬ ಕೂಗಿ ಹೇಳತೊಡಗಿದರು. ಏಪ್ರಿಲ್‌ನವನು ಮೇ ತಿಂಗಳವಳನ್ನು ಹಿಂದಕ್ಕೆ ತಳ್ಳಿದ. ಅವಳಿ ಮಕ್ಕಳಿಬ್ಬರು ನಾನು ಮೊದಲು, ನಾನು ಮೊದಲು ಎಂದು ಜಗಳಕ್ಕೆ ಬಿದ್ದು, ಕೊನೆಗೆ ಕುರ್ಚಿಯಲ್ಲಿ ಕೂತಿದ್ದ ತಾಯಿಯನ್ನು ಕೂಗಿ ಕೇಳಿದರು. "ಅವಳೇ ಮೊದಲು," ಎಂದು ಆ ತಾಯಿ ಹೇಳಿದ ಮೇಲೆ ತಮ್ಮನಾದವನು ಅಕ್ಕನ ಹಿಂದೆ ಸರಿದ. ನನ್ನ ಮಗಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಇಷ್ಟು ದಿನ ಮನೆಯಲ್ಲಿ ಒಬ್ಬರ ಹೆಸರೂ ಎತ್ತದವಳಿಗೆ ಎಲ್ಲರ ಹೆಸರೂ ಗೊತ್ತಿತ್ತು. ಬೇಲಿಯ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸಾಲು ಮುಗಿಯುತ್ತ ಬಂದಾಗ ಸಿಂಹಾಸನದ ಮೇಲಿನ ತೂಗಾಟ ನಿಂತಿತು. ರಾಜಕುಮಾರ ಅಲ್ಲಿಂದಲೇ ಕೂಗಿದ. "ನನಗೆ?"

ಅವಳು ಮೆಟ್ಟಿಲ ಬುಡಕ್ಕೆ ಬಂದು ನಿಂತಳು. "ನಿನ್ನ ಹುಟ್ಟುಹಬ್ಬ ಯಾವಾಗ?"

"ಡಿಸೆಂಬರ್."

"ನಂದು ಆಗಸ್ಟ್." ಸ್ವಲ್ಪ ಯೋಚಿಸಿದಳು. "ಹಾಗಾದರೆ ನಿನಗಿನ್ನೂ ಎಂಟು ವರ್ಷ."

"ಅದಕ್ಕೇನೀಗ?"

"ನೀನು ಚಿಕ್ಕವನು. ಚಿಕ್ಕವರೇ ದೊಡ್ಡವರ ಹತ್ತಿರ ಬರಬೇಕು. ನಾನು ಬರೋ ಹಾಗಿಲ್ಲ."

ಹುಡುಗ ಅತ್ತಿತ್ತ ನೋಡಿದ. ಎಲ್ಲರ ಕೈಯಲ್ಲೂ ಎಲೆ ಇದೆ, ತನ್ನ ಕೈ ಮಾತ್ರ ಖಾಲಿ. ಸಿಂಹಾಸನ ಬಿಟ್ಟು ಇಳಿದು ಬಂದ. ಇವಳು ಮೊದಲು ಅವನ ಕೈಗೆ ಎಲೆ ಹಾಕಿ, ಅದರಿಂದಲೇ ನಾಲ್ಕು ತನಗೆ ಕೊಡುವುದು ಹೇಗೆಂದು ತೋರಿಸಿದಳು. ಅವನಿಗೆ ಮಾತು ಹೇಳಿಕೊಟ್ಟಳು. "ಬನ್ನೀ..." ಎಂದು ಅವನು ಅಷ್ಟರಲ್ಲೇ ತಡವರಿಸಿ ನಿಂತ. "ಸಾಕು, ನಡೀತೈತಿ," ಅಂದಳು, ಅದೂ ಕನ್ನಡದಲ್ಲಿ.

ಟೀಚರಮ್ಮ ಗಂಟೆ ಬಾರಿಸಿದ್ದು ಆಗಲೇ. ಎಲ್ಲಿದ್ದೀರೋ ಅಲ್ಲೇ ನಿಲ್ಲಿ ಎಂದರು. ಸಿಂಹಾಸನದಲ್ಲಿ ಯಾರೂ ಇರಲಿಲ್ಲ. ಇಬ್ಬರು ಹುಡುಗರು ಮಾತ್ರ ಆ ಮೂಲೆಯ ಬೆಂಚಿಗೆ ಅಂಟಿಕೊಂಡಿದ್ದರು, ಎಲೆ ಕೈಯಲ್ಲಿತ್ತು, ಆದರೆ ರಿಸೆಸ್ಸಿನ ತಂಡದ ಮಾತನ್ನು ಅವರು ಬಿಡಲಿಲ್ಲ. ಉಳಿದವರೆಲ್ಲ ನನ್ನ ಮಗಳ ಸುತ್ತ ಇದ್ದರು. ಕೆಲವರು ತಮ್ಮ ಎಲೆ ಅದಲುಬದಲು ಮಾಡುವುದರಲ್ಲಿ ಮುಳುಗಿದ್ದರು. ಫ್ರಾನ್ಸಿನ ರಾಜಕುಮಾರ ಅವಳಿಗೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದ.

"ಇದು ಸರಿಯಲ್ಲ," ಎಂದ ಅವನು. "ನಾನು ಎಲೆ ತಗೊಳ್ಳೋಕೆ ಮಾತ್ರ ಬಂದೆ."

"ಯಾರಾದರೂ ನಿನ್ನನ್ನು ಎಳೆದು ಇಳಿಸಿದರಾ?" ಎಂದು ಟೀಚರಮ್ಮ ಕೇಳಿದರು.

"ಇಲ್ಲ."

"ಮತ್ತೆ?"

ಒಳ್ಳೆಯ ಹುಡುಗ, ತಾನೂ ನಕ್ಕ. ಆದರೆ ಅವಳ ಭಾಷಣ ಯಾರಿಗೂ ಕೇಳಿಸಲಿಲ್ಲವಲ್ಲ, ಮತ್ತೊಮ್ಮೆ ಹೇಳಲಿ ಎಂದು ಹಟ ಮಾಡಿದ.

ಅವಳು ಮೂರು ಮೆಟ್ಟಿಲು ಹತ್ತಿದಳು. ಕೂರಲಿಲ್ಲ. ಡಾಬು ಮತ್ತೆ ಜಾರಿದ್ದರಿಂದ ಅದನ್ನು ತಲೆಯಿಂದ ತೆಗೆದು, ತೋಳಿನಲ್ಲಿ ಬಳೆಯ ಹಾಗೆ ತೂರಿಸಿಕೊಂಡು ನಿಂತಳು. "ನನ್ನ ತಂದೆ ನಿಮಗೆ ಅನ್ಯಾಯ ಮಾಡಿದರು. ನಾನು ಮಾಡಿಲ್ಲ. ನನಗೆ ಒಂಬತ್ತು ವರ್ಷ," ಎಂದಳು. ಹೊಟ್ಟೆಯಿಂದ ಬಂದ ದನಿ. ಜಿಮ್ಮಿನ ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಸ ಗುಡಿಸುವ ಅಣ್ಣನಿಗೂ ಕೇಳಿರಬೇಕು, ಅವನು ತಲೆಯೆತ್ತಿ ನೋಡಿದ. ಆಮೇಲೆ, ಕಾಗದದಲ್ಲಿ ಇಲ್ಲದ ಒಂದು ಮಾತನ್ನು ತಾನೇ ಸೇರಿಸಿದಳು: "ಅವನಿಗೆ ಎಂಟು."

ನಗು ಎದ್ದಿತು. ಎಲ್ಲರಿಗಿಂತ ಜೋರು ಬೀಬೀಜಿಯದೇ, ಅದು ಏನೆಂದು ಅವರಿಗೆ ನಾನು ಇನ್ನೂ ಹೇಳಿಯೇ ಇರಲಿಲ್ಲ. ನನಗೆ ಸೆರಗು ಇರಲಿಲ್ಲ, ಸ್ವೆಟರಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡೆ. ನಾನು ಹೊತ್ತು ಹೆತ್ತ ಕೂಸು ಇದು ಎಂದು ಆ ಜಿಮ್ಮಿನಲ್ಲಿ ಕೂಗಿ ಹೇಳಬೇಕೆನಿಸಿತು. ಪಕ್ಕದವರ ಕಡೆ ತಿರುಗಿ, "ಮೈ ಡಾಟರ್" ಎಂದು ಹೇಳಿಯೂ ಹೇಳಿದೆ. ಗೊತ್ತಾಯಿತು ಎಂದು ಅವರು ನಕ್ಕರು.

ನಡೆದು ಮನೆಗೆ ಬರುವಾಗ ಕೇಳಿದೆ. "ಬೇಕಂತನ ಅವನ್ನ ಎಬ್ಬಿಸಿದಿಯೇನ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಂಗಲ್ಲ ಅವ್ವಾ. ಸಣ್ಣಾವ ಅಲ್ಲನು ಅಂವ? ಸಣ್ಣಾವರು ಬರಬೇಕಲ್ಲ?"

ಮರುವಾರ ಪುಸ್ತಕದಲ್ಲಿ ಓದಿದರಂತೆ: ನಿಜದ ಸರದಾರರೂ ಒಬ್ಬೊಬ್ಬರಾಗಿ ಹುಡುಗ ರಾಜನ ಕಡೆಗೆ ಬಂದರು, ಫ್ರೆಂಚ್ ರಾಜಕುಮಾರ ಮರುವರ್ಷ ತನ್ನ ದೇಶಕ್ಕೆ ಹಿಂತಿರುಗಿದ. ಅದು ಆಮೇಲಿನ ಮಾತು. ಅಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದೆ, ಅವಳು ಅಪ್ಪನ ಮುಂದೆ ಕೂತು ಇಡೀ ತರಗತಿಯ ಹುಟ್ಟುಹಬ್ಬಗಳನ್ನು ಜನವರಿಯಿಂದ ಒಪ್ಪಿಸುತ್ತಿದ್ದಳು. ಜೂನಿಗೆ ಬಂದಾಗ ಫೋನು ರಿಂಗಾಯಿತು. ಯಜಮಾನರು ಎತ್ತಿ, ಹಲೋ ಎಂದು, ಸ್ವಲ್ಪ ಕೇಳಿಸಿಕೊಂಡು, ರಿಸೀವರಿನ ಮೇಲೆ ಕೈಯಿಟ್ಟುಕೊಂಡರು.

"ನಿನಗ ಅಂತ. ಫ್ರಾನ್ಸಿನಿಂದ."

ಆ ಮನೆಯಲ್ಲಿ ಅವಳಿಗೆಂದು ಬಂದ ಮೊದಲ ಫೋನು ಅದು. ನಾಳೆ ರಿಸೆಸ್ಸಿನಲ್ಲಿ ಯಾರು ಯಾರ ತಂಡ ಎಂಬ ಮಾತು ನಡೆದಿತ್ತು ಎಂದು ಅರ್ಧ ಕೇಳಿ ಊಹಿಸಿದೆ. ಅವಳು ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತು, ನನಗೆ ಹಿಡಿಯಲಾರದಷ್ಟು ವೇಗದ ಇಂಗ್ಲಿಷಿನಲ್ಲಿ ವಾದ ಮಾಡುತ್ತಿದ್ದಳು. ಆ ಮುದಿ ವೀರ ಹುಡುಗಿಯನ್ನು ತಂಡಕ್ಕೆ ತೆಗೆದುಕೊಳ್ಳದಿದ್ದರೆ ತಾನು ಬರುವುದೇ ಇಲ್ಲ ಎನ್ನುವುದಂತೂ ಸ್ಪಷ್ಟವಾಗಿ ಕೇಳಿಸಿತು.

ಯಜಮಾನರು ತಟ್ಟೆ ಎಳೆದುಕೊಂಡು, "ಕರೀಲೇನು ಊಟಕ್ಕ?" ಎಂದರು.

"ಬ್ಯಾಡ್ರಿ," ಅಂದೆ. "ನೀವು ಉಣ್ರಿ. ಆಕಿ ಮಾತಾಡಲಿ." ಅವಳ ಪಾಲಿನ ಚಪಾತಿಗಳನ್ನು ಅರಿವೆಯಲ್ಲಿ ಸುತ್ತಿ, ಮೇಲೆ ತಟ್ಟೆ ಮುಚ್ಚಿಟ್ಟೆ.